ಎಲೆಯ ಬೂದಿಯಲ್ಲಿ ಮಣ್ಣಿನ ಲೆಕ್ಕ ಓದಿದ ಲೀಬಿಗ್

ಗೋಕಾಕದ ಗುಡ್ಡ ಹತ್ತಿದವರಿಗೆ ಬಂದರಿಕೆ ಗಿಡ ಗೊತ್ತಿರುತ್ತದೆ. ಅದರ ಎಲೆ ಕಿರಿದು, ಗಡುಸು, ಮುಟ್ಟಿದರೆ ಅಂಟಂಟು. ಗುಡ್ಡ ಇಳಿದು ಘಟಪ್ರಭೆಯ ದಂಡೆಗೆ ಬಂದರೆ ಲಕ್ಕಿ ಗಿಡ ಸಿಗುತ್ತದೆ. ಅದರ ಎಲೆ ಮೆದು. ಊರ ಹೊರಗಿನ ತಿಪ್ಪೆಯ ಪಕ್ಕದಲ್ಲಿ ಮದಗುಣಕಿ ಅಗಲವಾದ ಎಲೆ ಬಿಟ್ಟು, ಕಡುಹಸಿರಾಗಿ, ಹುಲುಸಾಗಿ ನಿಂತಿರುತ್ತದೆ. ಈ ಮೂರಕ್ಕೂ ಯಾರೂ ಗೊಬ್ಬರ ಹಾಕಿಲ್ಲ, ನೀರು ಹಾಯಿಸಿಲ್ಲ. ಆದರೂ ಒಂದೊಂದು ಎಲೆ ಒಂದೊಂದು ಬಗೆ. ಗಿಡದ ಜಾತಿ ಬೇರೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಅವುಗಳ ಬೇರಿನ ಕೆಳಗಿದೆ. ಮಣ್ಣು ಕೊಟ್ಟದ್ದೆಷ್ಟು, ಕೊಡದೆ ಉಳಿಸಿಕೊಂಡದ್ದೆಷ್ಟು ಎಂಬ ಲೆಕ್ಕ ಎಲೆಯಲ್ಲಿ ದಾಖಲಾಗಿರುತ್ತದೆ. ಆ ಲೆಕ್ಕವನ್ನು ಓದುವುದನ್ನು ಜಗತ್ತಿಗೆ ರೂಢಿ ಮಾಡಿಸಿದವನು ಜರ್ಮನಿಯ ರಸಾಯನ ವಿಜ್ಞಾನಿ ಯುಸ್ಟುಸ್ ಫಾನ್ ಲೀಬಿಗ್.

ಲೀಬಿಗ್ ಹುಟ್ಟಿದ್ದು 1803ರ ಮೇ 12ರಂದು, ಡಾರ್ಮ್‌ಸ್ಟಾಟ್ ಎಂಬ ಊರಿನಲ್ಲಿ. ತಂದೆಯದು ಬಣ್ಣ, ವಾರ್ನಿಷು, ಕಬ್ಬಿಣದ ಸಾಮಾನು ಮಾರುವ ಅಂಗಡಿ. ಕೆಲವು ಬಣ್ಣಗಳನ್ನು ಅವರು ಮನೆಯಲ್ಲೇ ತಯಾರಿಸುತ್ತಿದ್ದರು. ಹುಡುಗನಿಗೆ ಕುದಿಯುವ ಪಾತ್ರೆ, ಬದಲಾಗುವ ಬಣ್ಣ, ಏಳುವ ಹೊಗೆ ಇವೇ ಆಟದ ಸಾಮಾನು. ಊರಿನ ಅರಸನ ಗ್ರಂಥಾಲಯದಲ್ಲಿದ್ದ ರಸಾಯನಶಾಸ್ತ್ರದ ಪುಸ್ತಕಗಳನ್ನು ತಂದು ಓದಿ, ಅವುಗಳಲ್ಲಿ ಹೇಳಿದ್ದನ್ನು ಮಾಡಿ ನೋಡುತ್ತಿದ್ದ. ಒಮ್ಮೆ ಊರ ಜಾತ್ರೆಯಲ್ಲಿ ಒಬ್ಬ ವ್ಯಾಪಾರಿ ಮಕ್ಕಳಿಗೆಂದು ಸಣ್ಣ ಪಟಾಕಿ ಮಾಡಿ ಮಾರುತ್ತಿದ್ದ. ಹುಡುಗ ಅವನ ಪಕ್ಕದಲ್ಲೇ ನಿಂತು, ಯಾವುದಕ್ಕೆ ಯಾವುದನ್ನು ಬೆರೆಸುತ್ತಾನೆಂದು ನೋಡಿಕೊಂಡು ಬಂದು, ಮನೆಯಲ್ಲಿ ತಾನೇ ತಯಾರಿಸಿದ. ನೀವು ಮಾತ್ರ ಅದಕ್ಕೆ ಕೈ ಹಾಕಬೇಡಿ. ಆ ಸ್ಫೋಟಕ ಎಷ್ಟೋ ಜನರ ಬೆರಳು ತೆಗೆದಿದೆ.

ಶಾಲೆಯಲ್ಲಿ ಅವನು ಹಿಂದಿನ ಸಾಲಿನ ಹುಡುಗ. ಆಗಿನ ಶಾಲೆ ಎಂದರೆ ಲ್ಯಾಟಿನ್, ಗ್ರೀಕ್ ಪಾಠಗಳ ಬಾಯಿಪಾಠ. ಅದು ಅವನಿಗೆ ಒಗ್ಗಲಿಲ್ಲ. ಮುಂದೆ ಏನಾಗುತ್ತೀ ಎಂದು ಗುರುಗಳು ಕೇಳಿದಾಗ ರಸಾಯನ ವಿಜ್ಞಾನಿಯಾಗುತ್ತೇನೆ ಎಂದನಂತೆ. ಗುರುಗಳು, ಹುಡುಗರು ಎಲ್ಲರೂ ನಕ್ಕರಂತೆ. ನಕ್ಕವರನ್ನು ದೂರುವಂತಿಲ್ಲ. ಅಂಥದೊಂದು ಉದ್ಯೋಗ ಇದೆಯೆಂದೇ ಆ ಕಾಲದ ಜನಕ್ಕೆ ತಿಳಿದಿರಲಿಲ್ಲ. ಶಾಲೆ ಬಿಟ್ಟ ಮೇಲೆ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಕೆಲವೇ ತಿಂಗಳಲ್ಲಿ ಅಲ್ಲಿಂದಲೂ ಮನೆಗೆ ಮರಳಿದ. ಅಟ್ಟದ ಮೇಲೆ ಪಟಾಕಿ ಮದ್ದು ಸಿಡಿಸಿದ್ದಕ್ಕೆ ಹೊರಗೆ ಹಾಕಿದರೆಂದು ಕಥೆ ಇದೆ. ತಂದೆಗೆ ಹಣ ಕಟ್ಟಲಾಗಲಿಲ್ಲ ಎಂದು ಹೇಳುವವರೂ ಇದ್ದಾರೆ.

ಹಣದ ಅಡಚಣೆ ಆ ದಿನಗಳಲ್ಲಿ ಊರಿಗೆಲ್ಲ ಇತ್ತು. 1815ರಲ್ಲಿ ಇಂಡೊನೇಷ್ಯದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದು ಎಸೆದ ಗಂಧಕದ ಅನಿಲದಿಂದ ಆಕಾಶದ ಬಹು ಎತ್ತರದಲ್ಲಿ ಸೂಕ್ಷ್ಮ ಕಣಗಳ ತೆರೆ ಉಂಟಾಗಿ ಭೂಮಿಯನ್ನೇ ಸುತ್ತುವರಿಯಿತು. ಸೂರ್ಯನ ಬಿಸಿ ಕಡಿಮೆಯಾಯಿತು. 1816ರಲ್ಲಿ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಮಳೆ ಬಿಡಲಿಲ್ಲ, ಪೈರು ಕೊಳೆಯಿತು, ರೊಟ್ಟಿಯ ಬೆಲೆ ಏರಿತು, ಜನ ಹಸಿವಿನಿಂದ ಸತ್ತರು. ಆಗ ಲೀಬಿಗ್‌ಗೆ 13 ವರ್ಷ. ಮುಂದೆ ಅವನು ಬೆಳೆಯ ಕಡೆ, ಮಣ್ಣಿನ ಕಡೆ ತಿರುಗಿದ್ದಕ್ಕೆ ಆ ಬರಗಾಲ ಕಂಡದ್ದೂ ಒಂದು ಕಾರಣವೆಂದು ಅವನ ಜೀವನ ಬರೆದ ಹಲವರು ಹೇಳುತ್ತಾರೆ.

ಬಾನ್ ಮತ್ತು ಎರ್ಲಾಂಗೆನ್‌ಗಳಲ್ಲಿ ಸ್ವಲ್ಪ ಕಾಲ ಓದಿದ ಮೇಲೆ, ಅರಸನ ಧನಸಹಾಯದಿಂದ 1822ರಲ್ಲಿ ಪ್ಯಾರಿಸ್ಸಿಗೆ ಹೋದ. ಅಲ್ಲಿ ಅವನ ಪ್ರಬಂಧ ಪ್ರಸಿದ್ಧ ಪ್ರವಾಸಿ ವಿಜ್ಞಾನಿ ಹುಂಬೋಲ್ಟ್‌ನ ಗಮನಕ್ಕೆ ಬಂತು. ಹುಂಬೋಲ್ಟ್ ಶಿಫಾರಸು ಮಾಡಿ ಗೇ-ಲ್ಯುಸಾಕ್ ಎಂಬ ದೊಡ್ಡ ರಸಾಯನ ವಿಜ್ಞಾನಿಯ ಪ್ರಯೋಗಾಲಯಕ್ಕೆ ಸೇರಿಸಿದ. ಆ ಪ್ರಬಂಧದ ವಿಷಯ ಯಾವುದು ಬಲ್ಲಿರಾ? ಜಾತ್ರೆಯಲ್ಲಿ ಕಂಡ ಅದೇ ಪಟಾಕಿ ಮದ್ದು! 1824ರಲ್ಲಿ, 21ನೇ ವಯಸ್ಸಿಗೇ, ಗೀಸೆನ್ ಎಂಬ ಚಿಕ್ಕ ಊರಿನ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾದ.

ಅಲ್ಲಿ ಅವನಿಗೆ ಸಿಕ್ಕ ಪ್ರಯೋಗಾಲಯ ಹಳೆಯದೊಂದು ಸೈನಿಕರ ಕಾವಲು ಮನೆ. ಆದರೆ ಅಲ್ಲಿ ನಡೆದ ಪಾಠದ ರೀತಿ ಹೊಸದು. ಗುರು ಮಾಡುವುದನ್ನು ವಿದ್ಯಾರ್ಥಿ ನೋಡುವುದಷ್ಟೇ ಅಲ್ಲ, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಕೈಯಾರೆ ಪ್ರಯೋಗ ಮಾಡಬೇಕು. ದೇಶವಿದೇಶಗಳಿಂದ ವಿದ್ಯಾರ್ಥಿಗಳು ಬಂದು ತುಂಬಿದರು. ಇಂದು ಕಾಲೇಜುಗಳಲ್ಲಿ ರಸಾಯನಶಾಸ್ತ್ರಕ್ಕೆ ಪ್ರಯೋಗದ ತರಗತಿಗಳು ಇವೆಯಲ್ಲ, ಅವುಗಳ ಬೇರು ಬಹುಮಟ್ಟಿಗೆ ಗೀಸೆನ್‌ನಲ್ಲಿದೆ.

1831ರಲ್ಲಿ ಲೀಬಿಗ್ ಐದು ಗಾಜಿನ ಬುರುಡೆಗಳನ್ನು ತ್ರಿಕೋನದ ಆಕಾರದಲ್ಲಿ ಜೋಡಿಸಿದ ಒಂದು ಉಪಕರಣ ಮಾಡಿದ. ಒಳಗೆ ಪೊಟ್ಯಾಷ್ ದ್ರಾವಣ. ಸಸ್ಯದ ಅಥವಾ ಪ್ರಾಣಿಯ ಯಾವುದೇ ವಸ್ತುವನ್ನು ಪೂರ್ತಿ ಸುಟ್ಟು, ಬರುವ ಅನಿಲವನ್ನು ಈ ಬುರುಡೆಗಳ ಮೂಲಕ ಹಾಯಿಸಿದರೆ ಅದರಲ್ಲಿನ ಕಾರ್ಬನ್ ಡೈ ಆಕ್ಸೈಡನ್ನು ದ್ರಾವಣ ಹೀರಿಕೊಳ್ಳುತ್ತದೆ. ಮೊದಲೊಮ್ಮೆ, ಆಮೇಲೊಮ್ಮೆ ತೂಗಿದರೆ ವಸ್ತುವಿನಲ್ಲಿ ಇಂಗಾಲ ಎಷ್ಟಿತ್ತೆಂಬ ಲೆಕ್ಕ ಸಿಕ್ಕಿತು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ದಿನಗಳಲ್ಲಿ ಮುಗಿಯತೊಡಗಿತು. ಅಮೆರಿಕದ ರಸಾಯನ ವಿಜ್ಞಾನಿಗಳ ಸಂಘದ ಲಾಂಛನದಲ್ಲಿ ಈ ಐದು ಬುರುಡೆಗಳ ಚಿತ್ರ ಸೇರಿದೆ.

ಇಲ್ಲಿಂದ ನಮ್ಮ ಎಲೆಯ ಕಥೆ ಶುರು. ಗಿಡ ಏನು ತಿಂದು ಬೆಳೆಯುತ್ತದೆ? ಕೊಳೆತ ಎಲೆ, ಬೇರು, ಸಗಣಿಗಳಿಂದಾದ ಕಪ್ಪು ಮಣ್ಣನ್ನು, ಅಂದರೆ ಹ್ಯೂಮಸ್ಸನ್ನು ತಿಂದು ಎಂದು ಆಗ ಬಹುತೇಕ ಪಂಡಿತರು ನಂಬಿದ್ದರು. ಲೀಬಿಗ್ ಒಪ್ಪಲಿಲ್ಲ. ಗಿಡದ ಮೈಯಲ್ಲಿರುವ ಇಂಗಾಲ ಗಾಳಿಯಿಂದ ಬಂದದ್ದು, ನೀರು ಮತ್ತು ಕೆಲವು ಖನಿಜಗಳು ಮಾತ್ರ ಮಣ್ಣಿನಿಂದ ಬಂದವು ಎಂದು 1840ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ವಾದಿಸಿದ. ಎಲೆಯನ್ನು ಸುಟ್ಟಾಗ ಇಂಗಾಲ ಮತ್ತೆ ಗಾಳಿಗೆ ಹೋಗುತ್ತದೆ. ಉಳಿಯುವ ಬೂದಿ ಮಣ್ಣಿನ ಸಾಲ. 100 ಗ್ರಾಂ ಒಣ ಎಲೆ ಸುಟ್ಟರೆ ಸಾಮಾನ್ಯವಾಗಿ 5ರಿಂದ 15 ಗ್ರಾಂ ಬೂದಿ ಸಿಗುತ್ತದೆ. ಅದರಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ರಂಜಕ, ಸಿಲಿಕಾ ಮುಂತಾದವು ಇರುತ್ತವೆ. ನಿಮ್ಮ ಅಜ್ಜಿ ಪಾತ್ರೆ ತಿಕ್ಕಲು ಒಲೆಯ ಬೂದಿ ಬಳಸಿದ್ದನ್ನು ಕಂಡಿದ್ದೀರಾ? ಜಿಡ್ಡು ಬಿಡಿಸುವುದು ಅದರಲ್ಲಿನ ಪೊಟ್ಯಾಷ್ ಕ್ಷಾರ.

ಬೂದಿಯನ್ನು ಓದುವ ಕೆಲಸ ಲೀಬಿಗ್‌ನಿಂದಲೇ ಶುರುವಾಯಿತೆನ್ನುವುದು ತಪ್ಪಾಗುತ್ತದೆ. 1804ರಲ್ಲೇ ಜಿನೀವಾದ ದೆ ಸೊಸ್ಯೂರ್ ಎಂಬಾತ ಒಂದೇ ಜಾತಿಯ ಕಾಡುಗಿಡಗಳನ್ನು ಸುಣ್ಣಕಲ್ಲಿನ ಬೆಟ್ಟದಿಂದಲೂ ಗ್ರಾನೈಟ್ ಬೆಟ್ಟದಿಂದಲೂ ತಂದು ಸುಟ್ಟು ನೋಡಿದ್ದ. ಗಿಡ ಒಂದೇ ಆದರೂ ಬೂದಿ ಒಂದೇ ಆಗಿರಲಿಲ್ಲ. ಸುಣ್ಣಕಲ್ಲಿನ ಬೆಟ್ಟದ ಗಿಡದಲ್ಲಿ ಸುಣ್ಣದ ಅಂಶ ಹೆಚ್ಚಿತ್ತು. ಕಾಡುಗಿಡವನ್ನೇ ಆರಿಸಿಕೊಂಡದ್ದು ಅವನ ಜಾಣತನ. ಹೊಲದ ಬೆಳೆಗೆ ರೈತ ಗೊಬ್ಬರ ಹಾಕಿರುತ್ತಾನೆ, ಆಗ ಎಲೆಯಲ್ಲಿ ಕಾಣುವುದು ಮಣ್ಣಿನದೋ ಗೊಬ್ಬರದ್ದೋ ತಿಳಿಯುವುದಿಲ್ಲ.

ಅಂಥ ಎರಡು ಬಗೆಯ ನೆಲ ನೋಡಲು ನಮಗೆ ಯುರೋಪಿಗೆ ಹೋಗಬೇಕಾಗಿಲ್ಲ. ಘಟಪ್ರಭಾ ನದಿ ಗೋಕಾಕ ಜಲಪಾತದಲ್ಲಿ ಸುಮಾರು 52 ಮೀಟರ್ ಧುಮುಕುವುದು ಗಟ್ಟಿ ಮರಳುಗಲ್ಲಿನ ಬಂಡೆಯ ಮೇಲಿಂದ. ಆ ಕಲ್ಲು ಸವೆದು ಆಗುವ ಮಣ್ಣು ತೆಳು, ಮರಳು ಮರಳು, ಸಾರ ಕಡಿಮೆ. ಅದೇ ಮೂಡಲಗಿ ತಾಲ್ಲೂಕಿನ ಯಾದವಾಡದ ಕಡೆ ನೆಲದಲ್ಲಿ ಸಿಮೆಂಟಿಗೆ ಬೇಕಾಗುವ ಸುಣ್ಣಕಲ್ಲು ಇದೆ. ಮೂಡಲಗಿಯ ಎರೆಹೊಲಗಳಲ್ಲಿ ಅಗೆದರೆ ಬಿಳಿಯ ಸುಣ್ಣದ ಹರಳು ಸಿಗುವುದುಂಟು. ಹುಕ್ಕೇರಿ ತಾಲ್ಲೂಕಿನಲ್ಲಿ ಪಶ್ಚಿಮಕ್ಕೆ ಹೋದಂತೆ ಮಳೆ ಹೆಚ್ಚು. ಹೆಚ್ಚು ಮಳೆ ಬೀಳುವ ನೆಲದಲ್ಲಿ ನೀರು ಇಂಗುತ್ತಾ ಸುಣ್ಣ, ಪೊಟ್ಯಾಷ್‌ಗಳನ್ನು ತೊಳೆದುಕೊಂಡು ಹೋಗುತ್ತದೆ. ಎಕ್ಕಿ ಗಿಡವೋ ಉತ್ತರಾಣಿಯೋ ಈ ಎಲ್ಲ ಕಡೆಯೂ ಬೆಳೆಯಬಲ್ಲವು. ದೆ ಸೊಸ್ಯೂರ್ ಮಾಡಿದ ಹೋಲಿಕೆಗೆ ಇವು ತಕ್ಕ ಗಿಡಗಳು.

ಲೀಬಿಗ್‌ನ ಹೆಸರಿನೊಡನೆ ಅಂಟಿಕೊಂಡಿರುವ ನಿಯಮ ಒಂದಿದೆ: ಕನಿಷ್ಠದ ನಿಯಮ. ಹೊಲದ ಒಡ್ಡನ್ನು ನೆನೆದರೆ ಇದು ಸುಲಭವಾಗಿ ತಿಳಿಯುತ್ತದೆ. ಒಡ್ಡು ಉಳಿದೆಡೆ ಮೂರು ಅಡಿ ಎತ್ತರವಿದ್ದು ಒಂದು ಕಡೆ ಮಾತ್ರ ಒಂದಡಿಗೆ ಕುಸಿದಿದ್ದರೆ ಹೊಲದಲ್ಲಿ ನೀರು ಎಷ್ಟು ನಿಲ್ಲುತ್ತದೆ? ಒಂದೇ ಅಡಿ. ಉಳಿದೆಡೆ ಇನ್ನಷ್ಟು ಮಣ್ಣು ಏರಿಸಿದರೆ ಪ್ರಯೋಜನವಿಲ್ಲ. ಗಿಡವೂ ಹಾಗೆಯೇ. ಸಾರಜನಕ, ಪೊಟ್ಯಾಷ್ ಎಷ್ಟೇ ಇರಲಿ, ರಂಜಕ ಕೊರತೆಯಾದರೆ ಬೆಳವಣಿಗೆ ರಂಜಕದ ಮಟ್ಟಕ್ಕೇ ನಿಲ್ಲುತ್ತದೆ. ಪಾಶ್ಚಾತ್ಯ ಪುಸ್ತಕಗಳಲ್ಲಿ ಇದನ್ನು ಒಂದು ಹಲಗೆ ಮೋಟಾದ ಮರದ ಪೀಪಾಯಿಯ ಚಿತ್ರ ಬರೆದು ತೋರಿಸುತ್ತಾರೆ. ಅದಕ್ಕೆ ಲೀಬಿಗ್‌ನ ಪೀಪಾಯಿ ಎಂದೇ ಹೆಸರು. ಆದರೆ ಚಿತ್ರ ಅವನದಲ್ಲ, ಅವನು ಸತ್ತ ಮೇಲೆ ಬೇರೆಯವರು ಬರೆದದ್ದು. ನಿಯಮವನ್ನೂ ಅವನಿಗಿಂತ ಮೊದಲು, 1828ರಲ್ಲಿಯೇ, ಕಾರ್ಲ್ ಸ್ಪ್ರೆಂಗೆಲ್ ಎಂಬ ಜರ್ಮನ್ ವಿಜ್ಞಾನಿ ಹೇಳಿದ್ದ. ಸ್ಪ್ರೆಂಗೆಲ್‌ನ ಹೆಸರು ಮರೆಯಾಯಿತು, ದೊಡ್ಡ ದನಿಯಲ್ಲಿ ಹೇಳಿದ ಲೀಬಿಗ್‌ನ ಹೆಸರು ಉಳಿಯಿತು. ಇಬ್ಬರ ಹೆಸರನ್ನೂ ಸೇರಿಸಿ ಹೇಳುವುದೇ ನ್ಯಾಯ.

ಇಷ್ಟು ತಿಳಿದವನು ಗೊಬ್ಬರ ಮಾಡಲು ಹೊರಟು ಸೋತದ್ದು ಅವನ ಜೀವನದ ದೊಡ್ಡ ಪೆಟ್ಟು. 1845ರಲ್ಲಿ ಅವನ ಸೂತ್ರದ ಪ್ರಕಾರ ಇಂಗ್ಲೆಂಡಿನಲ್ಲಿ ಗೊಬ್ಬರ ತಯಾರಾಗಿ ಮಾರಾಟಕ್ಕೆ ಬಂತು. ಬೂದಿಯಲ್ಲಿ ಕಂಡ ಖನಿಜಗಳೆಲ್ಲ ಅದರಲ್ಲಿದ್ದವು. ಮಳೆಗೆ ಕೊಚ್ಚಿಹೋಗಬಾರದೆಂದು ಎಲ್ಲವನ್ನೂ ಕಾಯಿಸಿ ಕರಗಿಸಿ ಗಾಜಿನಂತೆ ಗಟ್ಟಿ ಮಾಡಿದ್ದ. ಅದು ಮಳೆಗೆ ಕರಗಲಿಲ್ಲ ನಿಜ. ಬೇರಿಗೂ ಕರಗಲಿಲ್ಲ! ರೈತರು ಹಣ ಕೊಟ್ಟು ಹಾಕಿದರು, ಬೆಳೆ ಏಳಲಿಲ್ಲ. ಲೀಬಿಗ್ ಗೀಸೆನ್ ಬಳಿ ಬರಡು ಮರಳು ಜಮೀನು ಕೊಂಡು ತಾನೇ ವರ್ಷಗಟ್ಟಲೆ ಪರೀಕ್ಷೆ ಮಾಡಿದ. 1850ರಲ್ಲಿ ಥಾಮಸ್ ವೇ ಎಂಬ ಇಂಗ್ಲಿಷ್ ವಿಜ್ಞಾನಿ, ಮಣ್ಣು ತಾನೇ ಅಮೋನಿಯ, ಪೊಟ್ಯಾಷ್‌ಗಳನ್ನು ಹಿಡಿದಿಟ್ಟುಕೊಳ್ಳುತ್ತದೆ ಎಂದು ತೋರಿಸಿದ. ಅಂದ ಮೇಲೆ ಗಾಜಿನಂತೆ ಗಟ್ಟಿ ಮಾಡುವ ಅಗತ್ಯವೇ ಇರಲಿಲ್ಲ. ಹಠಮಾರಿ ಎಂದು ಹೆಸರಾಗಿದ್ದ ಲೀಬಿಗ್ ಮುಂದೆ ತನ್ನ ಪುಸ್ತಕದ ಹೊಸ ಆವೃತ್ತಿಯಲ್ಲಿ ಈ ತಪ್ಪನ್ನು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ.

ಇದ್ದೂ ಸಿಗದಿರುವ ಈ ಸಂಗತಿ ನಮ್ಮ ಹೊಲಗಳಲ್ಲೂ ಇದೆ. ಸುಣ್ಣ ಹೆಚ್ಚಿರುವ ಎರೆಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದ್ದರೂ ಬೇರಿಗೆ ಕರಗಿ ಸಿಗುವುದು ತೀರ ಕಡಿಮೆ. ಆಗ ಶೇಂಗಾದ, ಕಬ್ಬಿನ ಹೊಸ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಹಳೆಯ ಎಲೆ ಮೊದಲು ಹಳದಿಯಾದರೆ ಕೊರತೆ ಸಾಮಾನ್ಯವಾಗಿ ಸಾರಜನಕದ್ದು. ಗಿಡ ಹಳೆಯ ಎಲೆಯಿಂದ ಸಾರಜನಕವನ್ನು ಹಿಂದಕ್ಕೆ ಎಳೆದು ಹೊಸ ಎಲೆಗೆ ಕೊಡಬಲ್ಲದು, ಕಬ್ಬಿಣವನ್ನು ಹಾಗೆ ಕೊಡಲಾರದು. ಎಲೆ ಉದುರುವ ಮುನ್ನ ಅದರಲ್ಲಿನ ಸಾರಜನಕ, ರಂಜಕಗಳ ಸುಮಾರು ಅರ್ಧದಷ್ಟನ್ನು ಮರ ಹೀಗೆಯೇ ಹಿಂದಕ್ಕೆ ಪಡೆಯುತ್ತದೆ. ಕ್ಯಾಲ್ಸಿಯಂ ಮಾತ್ರ ಉದುರುವ ಎಲೆಯಲ್ಲೇ ಉಳಿಯುತ್ತದೆ.

ಲೀಬಿಗ್‌ನ ಎರಡನೆಯ ತಪ್ಪು ಸಾರಜನಕದ ವಿಷಯದಲ್ಲಿ. ಮಳೆನೀರಿನಲ್ಲಿ ಅಮೋನಿಯ ಇರುವುದನ್ನು ಅವನು ಕಂಡಿದ್ದ. ಗಿಡಕ್ಕೆ ಬೇಕಾದ ಸಾರಜನಕವೆಲ್ಲ ಹೀಗೆ ಮುಗಿಲಿನಿಂದಲೇ ಬರುತ್ತದೆ, ಗೊಬ್ಬರದಲ್ಲಿ ಕೊಡಬೇಕಾಗಿಲ್ಲ ಎಂದು ತೀರ್ಮಾನಿಸಿದ. ಎಲೆ ಸುಟ್ಟಾಗ ಸಾರಜನಕ ಹೊಗೆಯೊಡನೆ ಹೊರಟುಹೋಗುತ್ತದೆ, ಬೂದಿಯಲ್ಲಿ ಉಳಿಯುವುದಿಲ್ಲ. ಬೂದಿಯನ್ನೇ ನೆಚ್ಚಿದವನಿಗೆ ಇದರ ಮಹತ್ವ ಕಣ್ತಪ್ಪಿದ್ದು ಆಶ್ಚರ್ಯವಲ್ಲ. ಇಂಗ್ಲೆಂಡಿನ ರೋಥಮ್‌ಸ್ಟೆಡ್‌ನಲ್ಲಿ ಲಾಸ್ ಮತ್ತು ಗಿಲ್ಬರ್ಟ್ ಎಂಬಿಬ್ಬರು 1843ರಿಂದ ಗೋದಿ ಹೊಲವನ್ನು ಪಟ್ಟಿಗಳಾಗಿ ಮಾಡಿ ಪ್ರಯೋಗ ನಡೆಸುತ್ತಿದ್ದರು. ಬರೀ ಖನಿಜ ಕೊಟ್ಟ ಪಟ್ಟಿಯಲ್ಲಿ ಇಳುವರಿ ಕಡಿಮೆ, ಸಾರಜನಕವನ್ನೂ ಸೇರಿಸಿ ಕೊಟ್ಟಲ್ಲಿ ಹೆಚ್ಚು. ಈ ಗಿಲ್ಬರ್ಟ್ ಯಾರೆಂದುಕೊಂಡಿರಿ? ಗೀಸೆನ್‌ನಲ್ಲಿ ಲೀಬಿಗ್‌ನ ಬಳಿಯೇ ಕಲಿತವನು. ಗುರುಶಿಷ್ಯರ ಜಗಳ ವರ್ಷಾನುಗಟ್ಟಲೆ ನಡೆಯಿತು. ಈ ಮಾತಿನಲ್ಲಿ ಗೆದ್ದದ್ದು ಶಿಷ್ಯ.

ಹಾಗಾದರೆ ಗೊಬ್ಬರವೇ ಕಾಣದ ಗುಡ್ಡದ ಗಿಡಕ್ಕೆ ಸಾರಜನಕ ಎಲ್ಲಿಂದ? ಮಳೆಯಿಂದ ಸ್ವಲ್ಪ, ಕೊಳೆತ ಎಲೆಗಳಿಂದ ಬಹುಪಾಲು, ಬೇರುಗಂಟುಗಳಿಂದ ಇನ್ನಷ್ಟು. ಬೇರುಗಂಟಿನಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ ಎಂಬುದು 1886ರ ಹೊತ್ತಿಗೆ, ಲೀಬಿಗ್ ತೀರಿಕೊಂಡು ಹದಿಮೂರು ವರ್ಷವಾದ ಮೇಲೆ, ಜರ್ಮನಿಯಲ್ಲೇ ಹೆಲ್‌ರೀಗಲ್ ಮತ್ತು ವಿಲ್‌ಫಾರ್ತ್ ಅವರ ಪ್ರಯೋಗಗಳಿಂದ ತಿಳಿಯಿತು. ಜಾಲಿ, ಹೊಂಗೆ ಮರಗಳ ಬೇರಿನಲ್ಲಿ ಇಂಥ ಗಂಟುಗಳಿರುತ್ತವೆ. ಹೊಂಗೆ ಸೊಪ್ಪನ್ನು ಹಸಿರು ಗೊಬ್ಬರವಾಗಿ ಹೊಲಕ್ಕೆ ಹಾಕುವ ನಮ್ಮ ರೈತರ ರೂಢಿಯ ಹಿಂದಿನ ಗುಟ್ಟು ಇದೇ.

ಈಗ ವಿಜ್ಞಾನಿಗಳು ಬೂದಿಗೆ ನಿಲ್ಲುವುದಿಲ್ಲ. ಎಲೆಯಲ್ಲಿ ಸಾರಜನಕ ಎಷ್ಟು, ರಂಜಕ ಎಷ್ಟು ಎಂದು ಅಳೆದು, ಒಂದನ್ನು ಇನ್ನೊಂದರಿಂದ ಭಾಗಿಸಿ ನೋಡುತ್ತಾರೆ. 1996ರಲ್ಲಿ ನೆದರ್‌ಲ್ಯಾಂಡ್ಸಿನ ಇಬ್ಬರು ವಿಜ್ಞಾನಿಗಳು ಯುರೋಪಿನ ಜೌಗು ನೆಲಗಳ ಸಸ್ಯಗಳಿಗಾಗಿ ಒಂದು ಅಳತೆಗೋಲು ಕೊಟ್ಟರು. ಭಾಗಲಬ್ಧ 14ಕ್ಕಿಂತ ಕಡಿಮೆಯಾದರೆ ಅಲ್ಲಿ ಸಾರಜನಕದ ಕೊರತೆ, 16ಕ್ಕಿಂತ ಹೆಚ್ಚಾದರೆ ರಂಜಕದ ಕೊರತೆ. ನೀವೇ ಲೆಕ್ಕ ಮಾಡಿ. ಒಂದು ಗ್ರಾಂ ಒಣ ಎಲೆಯಲ್ಲಿ 20 ಮಿಲಿಗ್ರಾಂ ಸಾರಜನಕ, 1 ಮಿಲಿಗ್ರಾಂ ರಂಜಕ ಇದ್ದರೆ? ಉತ್ತರ 20, ಕುಸಿದ ಒಡ್ಡು ರಂಜಕದ್ದು. ರಂಜಕ 2 ಮಿಲಿಗ್ರಾಂ ಆದರೆ? ಉತ್ತರ 10, ಕುಸಿದದ್ದು ಸಾರಜನಕದ ಕಡೆ. ಈ ಸಂಖ್ಯೆಗಳನ್ನು ಎಲ್ಲ ಗಿಡಕ್ಕೂ ಎಲ್ಲ ನೆಲಕ್ಕೂ ಹಾಗೇ ಅನ್ವಯಿಸಬಾರದು, ಆದರೆ ವಿಚಾರ ಎಲ್ಲ ಕಡೆಗೂ ಸಲ್ಲುತ್ತದೆ. 2004ರಲ್ಲಿ ಜಗತ್ತಿನ ಸುಮಾರು 1,280 ಜಾತಿಯ ಸಸ್ಯಗಳ ಎಲೆಗಳ ಅಳತೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಧ್ರುವದ ಕಡೆಯಿಂದ ಭೂಮಧ್ಯರೇಖೆಯ ಕಡೆ ಬಂದಂತೆ ಈ ಭಾಗಲಬ್ಧ ಏರುವುದು ಕಂಡಿತು. ಬಿಸಿನಾಡಿನ ಮಣ್ಣು ಬಹಳ ಹಳೆಯದು. ಲಕ್ಷಾಂತರ ವರ್ಷಗಳ ಮಳೆ ಅದರ ರಂಜಕವನ್ನು ಸವೆಸಿದೆ ಎಂಬುದು ಇದಕ್ಕೆ ಕೊಡುವ ಕಾರಣಗಳಲ್ಲೊಂದು.

ಸಾರವಿಲ್ಲದ, ಒಣ ನೆಲದ ಗಿಡಗಳ ಎಲೆ ಸಾಮಾನ್ಯವಾಗಿ ದಪ್ಪ, ಗಡುಸು. ಕಷ್ಟಪಟ್ಟು ಗಳಿಸಿದ ಸಾರಜನಕ, ರಂಜಕಗಳನ್ನು ಅವು ಬಹುಕಾಲ ಬಾಳುವ ಎಲೆಯಲ್ಲಿ ಜತನವಾಗಿ ಬಳಸುತ್ತವೆ. ತಿಪ್ಪೆಯ ಬಳಿಯ ಮದಗುಣಕಿಗೆ ಅಂಥ ಚಿಂತೆಯಿಲ್ಲ. ಬೇಗ ಬೇಗ ದೊಡ್ಡ ಮೆತ್ತನೆಯ ಎಲೆ ಮಾಡಿ, ಬೇಗ ಉದುರಿಸಿ, ಮತ್ತೆ ಹೊಸದು ಮಾಡುತ್ತದೆ.

1852ರಲ್ಲಿ ಲೀಬಿಗ್ ಮ್ಯೂನಿಕ್‌ಗೆ ಹೋದ. ಪಾದರಸವಿಲ್ಲದೆ, ಗಾಜಿಗೆ ಬೆಳ್ಳಿ ಲೇಪಿಸಿ ಕನ್ನಡಿ ಮಾಡುವ ವಿಧಾನ, ಮಾಂಸದ ಸಾರ, ಎಳೆಮಕ್ಕಳ ಆಹಾರ ಹೀಗೆ ಹಲವು ಕೆಲಸಗಳಿಗೆ ಕೈಹಾಕಿದ. ಆದರೆ ಕೊನೆಯ ವರ್ಷಗಳಲ್ಲಿ ಅವನನ್ನು ಹೆಚ್ಚು ಕಾಡಿದ್ದು ಮಣ್ಣಿನ ಲೂಟಿ. ಹಳ್ಳಿಯ ಹೊಲದಿಂದ ಧಾನ್ಯ ಪಟ್ಟಣಕ್ಕೆ ಹೋಗುತ್ತದೆ, ಅದರಲ್ಲಿನ ರಂಜಕ, ಪೊಟ್ಯಾಷ್ ಚರಂಡಿಯ ಮೂಲಕ ನದಿ ಸೇರುತ್ತದೆ, ಹೊಲಕ್ಕೆ ಮರಳಿ ಬರುವುದಿಲ್ಲ. ಲಂಡನ್ನಿನ ಕೊಳಚೆ ನೀರನ್ನು ಥೇಮ್ಸ್ ನದಿಗೆ ಬಿಡದೆ ಹೊಲಗಳಿಗೆ ಕೊಡಿ ಎಂದು ವಾದಿಸಿದ. ಗೊಬ್ಬರಕ್ಕಾಗಿ ಇಂಗ್ಲೆಂಡು ಯುರೋಪಿನ ಯುದ್ಧಭೂಮಿಗಳಿಂದ ಎಲುಬು ಅಗೆದು ಒಯ್ಯುತ್ತಿದೆ ಎಂದು ಕಟುವಾಗಿ ಟೀಕಿಸಿದ.

ಕಬ್ಬು ಬೆಳೆಯುವ ನಮ್ಮ ಮೂರೂ ತಾಲ್ಲೂಕುಗಳಲ್ಲಿ ಈ ಲೆಕ್ಕ ಪ್ರತಿ ವರ್ಷ ಕಣ್ಣೆದುರೇ ನಡೆಯುತ್ತದೆ. ಕಬ್ಬು ಕಾರ್ಖಾನೆಗೆ ಹೋಗುತ್ತದೆ, ರವದಿ ಹೊಲದಲ್ಲಿ ಉಳಿಯುತ್ತದೆ. ರವದಿಗೆ ಬೆಂಕಿ ಇಟ್ಟರೆ ಪೊಟ್ಯಾಷ್, ಸುಣ್ಣ, ರಂಜಕಗಳ ಹೆಚ್ಚಿನ ಪಾಲು ಬೂದಿಯಾಗಿ ನೆಲದಲ್ಲಿರುತ್ತದೆ, ಗಾಳಿ ಬೀಸಿದರೆ ಅದರಲ್ಲೂ ಸ್ವಲ್ಪ ಹಾರಿಹೋಗುತ್ತದೆ. ಸಾರಜನಕದ ಬಹುಪಾಲು ಹೊಗೆಯೊಡನೆ ಅಂದೇ ಹೋಯಿತು. ಸುಡದೆ ಸಾಲುಗಳ ನಡುವೆ ಹಾಸಿ ಕೊಳೆಯಿಸಿದರೆ ಅದೂ ನಿಧಾನವಾಗಿ ಮಣ್ಣಿಗೆ ಸೇರುತ್ತದೆ.

ಲೀಬಿಗ್ 1873ರ ಏಪ್ರಿಲ್ 18ರಂದು ಮ್ಯೂನಿಕ್‌ನಲ್ಲಿ ತೀರಿಕೊಂಡ. ಗೀಸೆನ್‌ನ ಅವನ ಪ್ರಯೋಗಾಲಯ 1920ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿನ ವಿಶ್ವವಿದ್ಯಾಲಯಕ್ಕೂ ಈಗ ಅವನದೇ ಹೆಸರು. ಅವನ ಜೊತೆ ಜಗಳವಾಡಿದ ಶಿಷ್ಯನ ರೋಥಮ್‌ಸ್ಟೆಡ್ ಹೊಲದಲ್ಲಿ 1843ರಲ್ಲಿ ಶುರುವಾದ ಗೋದಿಯ ಪ್ರಯೋಗ ಇಂದಿಗೂ ನಿಂತಿಲ್ಲ. ಅಲ್ಲಿ ಅಂದಿನಿಂದ ಒಂದು ಹಿಡಿ ಗೊಬ್ಬರವನ್ನೂ ಕಾಣದ ಪಟ್ಟಿಯೊಂದಿದೆ. ಅದು ಈಗಲೂ ಹೆಕ್ಟೇರಿಗೆ ಸುಮಾರು ಒಂದು ಟನ್ ಲೆಕ್ಕದಲ್ಲಿ ಗೋದಿ ಕೊಡುತ್ತಿದೆ.